ಮುಖ ಕಾಣದ ಫೋಟೊ

ಬಳೆ ಮಾರಲು ಹಳಿಯಾಳದಿಂದ ತೇರಗಾಂವಕ್ಕೆ ಬಂದಿದ್ದ ತಸ್ಲೀಮಳನ್ನು ನಾಲ್ಕೈದು ಗಂಡಸರು ಬಸ್ ನಿಲ್ದಾಣದಲ್ಲೇ ತಡೆದು ನಿಲ್ಲಿಸಿದರು. ‘ಬ್ರೇಕಿಂಗ್ ನ್ಯೂಸ್: ಮಕ್ಕಳ ಕಳ್ಳಿ ಬಂದಿದ್ದಾಳೆ’ ಎಂಬ ಪೋಸ್ಟನ್ನು ಈರೇಶ ಎಲ್ಲರಿಗೂ ತೋರಿಸುತ್ತಿದ್ದ. ಅದರಲ್ಲಿ ಮುಖ ಕಾಣದ ಬುರ್ಖಾದ ಹೆಂಗಸಿನ ಫೋಟೊ ಇತ್ತು.

ಅವನ ಚಿಕ್ಕಮ್ಮ ನೀಲಕ್ಕ ಮೊಬೈಲು ಕಸಿದುಕೊಂಡಳು. “ಯಾವೂರ ಕೂಸು ಕಳುವಾಗೇತಿ? ಇದನ್ನ ಬರದಾಂವ ಯಾರು? ಫೋಟೊದಾಗ ಆಕಿ ಹಿಂದಿನ ಅಂಗಡಿ ಬೋರ್ಡು ಕನ್ನಡದಾಗರ ಐತೇನು?”

“ಎಲ್ಲಾ ಗ್ರೂಪಿನ್ಯಾಗ ಬಂದೈತಿ, ಕಾಕು,” ಎಂದ ಈರೇಶ.

ನೀಲಕ್ಕ ಸ್ಪೀಕರ್ ಹಾಕಿ ಠಾಣೆಗೆ ಫೋನ್ ಮಾಡಿದಳು. ಅಂಥ ದೂರೇ ಬಂದಿಲ್ಲ ಎಂದರು ಪೊಲೀಸರು.

“ಕೇಳಿದೇನು? ಒಂದು ಫೋನ್ ಮಾಡಾಕ ನಿಮಗ ಪುರಸೊತ್ತಿಲ್ಲ, ಹೆಣ್ಮಗಳನ್ನ ಅಡ್ಡಗಟ್ಟಾಕ ಐತಿ! ಕಳಿಸಿದ ಗ್ರೂಪಿಗೆಲ್ಲಾ ಇದು ಸುಳ್ಳಂತ ಈಗ ಬರಿ.”

ಈರೇಶ ತಲೆ ತಗ್ಗಿಸಿ ಬರೆದ. ನೀಲಕ್ಕ ತಸ್ಲೀಮಳನ್ನು ಮನೆಗೆ ಕರೆದಳು.

“ಇವತ್ತ ಬ್ಯಾಡ್ರಿ, ಅಕ್ಕಾರ,” ಎಂದು ತಸ್ಲೀಮ ಬಳೆಗಳ ಗಂಟು ಎತ್ತಿಕೊಂಡು ಹಳಿಯಾಳದ ಬಸ್ ಹತ್ತಿದಳು.