ಎರಡೂ ಕಡೆಯ ಮಾತು

‘ತಯಾರಾದ—’ ಎಂದವನು ನಾಲಿಗೆಯನ್ನು ಅಲ್ಲೇ ಹಿಡಿದು, ‘ತಯಾರಿ ಆಯ್ತಾ?’ ಎಂದು ಮುಗಿಸಿದ ರಸೆಲ್.

ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದ ಲಿನೆಟ್ ನಕ್ಕಳು. ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ. ಬೇರೆಯಾಗಿ ವರ್ಷಗಳೇ ಆಗಿದ್ದರೂ ಗಂಡನಾಗಿದ್ದವನ ವಾಕ್ಯ ಎಲ್ಲಿ ಮುರಿಯುತ್ತದೆಂದು ಅವಳಿಗೆ ಈಗಲೂ ಗೊತ್ತಾಗುತ್ತಿತ್ತು.

‘ಅವನು ಅಂತ ಒಂದ್ಸಲ ಅಂದ್ರೆ ನಿನ್ನ ಬಾಯೇನೂ ಸವೆಯಲ್ಲ, ರಸ್. ಇಲ್ಲ, ಅವಳು ಅಂತಾದ್ರೂ ಅನ್ನು. ಏನೋ ಒಂದು ಅನ್ನು.’

‘ಊಟಕ್ಕೆ ತಡ ಆಗುತ್ತೆ.’

ಅವರ ಮಗು ಹುಟ್ಟಿದಾಗ ಹೆಣ್ಣು, ಹೆಸರು ಕೊರಿನ್. ಎರಡು ವರ್ಷದ ಹಿಂದೆ ಒಂದು ಸಂಜೆ, ತಾನು ಹುಡುಗ, ತನ್ನನ್ನು ಇನ್ನು ಕ್ಯಾಲ್ ಎಂದು ಕರೆಯಿರಿ ಎಂದು ಹೇಳಿದಾಗ ಲಿನೆಟ್ ಅತ್ತಳು, ಜಗಳವಾಡಿದಳು, ಕೊನೆಗೆ ಕರೆಯತೊಡಗಿದಳು. ರಸೆಲ್ ಅಳಲಿಲ್ಲ, ಜಗಳವಾಡಲಿಲ್ಲ, ಕರೆಯಲೂ ಇಲ್ಲ. ಅಂದಿನಿಂದ ಅವನ ತಲೆಯೊಳಗೆ ಮಗು ಬರೀ ಮಗುವಾಗಿ ಉಳಿಯಿತು. ಮಗು ಬಂತು. ಮಗು ಉಂಡಿತು. ಮಗು ಕೋಣೆಯ ಬಾಗಿಲು ಹಾಕಿಕೊಂಡಿತು. ಆ ಪದದ ಆಸರೆಯಲ್ಲಿ ಯಾವ ಪಕ್ಷಕ್ಕೂ ಸೇರದೆ ಕಾಲ ಹಾಕಬಹುದಿತ್ತು.

ಹದಿನಾರು ತುಂಬಿದ, ಹೆಚ್ಚುಕಡಿಮೆ ಅವನಷ್ಟೇ ಎತ್ತರದ ಮಗು ಕಾರಿನಲ್ಲಿ ಬಂದು ಕೂತಿತು.

ಈಸ್ಟರ್ ಭಾನುವಾರ. ಊಟ ರಸೆಲ್‌ನ ಅಕ್ಕ ಡೊರೀನಳ ಮನೆಯಲ್ಲಿ. ಊರು ದಾಟಿದ ಮೇಲೆ ರಸ್ತೆಯ ಒಂದು ಬದಿಗೆ, ಮಕ್ಕಳಿಗೆ ಲಿಂಗಬದಲಾವಣೆಯ ಚಿಕಿತ್ಸೆಯನ್ನು ನಿಷೇಧಿಸುವ ಮಸೂದೆ ಬೇಕೆನ್ನುವ ಫಲಕಗಳು, ಇನ್ನೊಂದು ಬದಿಗೆ ಬೇಡವೆನ್ನುವ ಫಲಕಗಳು. ಎರಡರಲ್ಲೂ ‘ನಮ್ಮ ಮಕ್ಕಳನ್ನು ಉಳಿಸಿ’ ಎಂದೇ ಬರೆದಿತ್ತು.

ರಸೆಲ್ ಊರಿನ ಪತ್ರಿಕೆಯಲ್ಲಿ ಹಳೆಯ ವರದಿಗಾರ. ಚಳಿಗಾಲದಲ್ಲಿ ಅವನು ಇಂಥ ಮಕ್ಕಳಿಗೆ ಕೊಡುವ ಚಿಕಿತ್ಸೆಯ ಬಗ್ಗೆ ಪುಟಗಟ್ಟಲೆ ಬರೆದಿದ್ದ. ಹಾರ್ಮೋನು ಸಿಕ್ಕ ಮೇಲೆ ಬದುಕುವ ಆಸೆ ಬಂತು ಎಂದ ಹುಡುಗನಿದ್ದ. ಆತುರಪಟ್ಟೆ, ಹಾರ್ಮೋನಿನಿಂದ ಹೋದ ಹೆಣ್ಣುದನಿ ಇನ್ನು ಬಾರದು ಎಂದ ಯುವತಿಯಿದ್ದಳು. ಪುರಾವೆ ಸಾಲದು ಎಂದ ವೈದ್ಯೆಯ ಪಕ್ಕದಲ್ಲೇ, ಚಿಕಿತ್ಸೆಗೆ ಕಾಯಿಸುವುದರಿಂದಲೂ ಮಕ್ಕಳಿಗೆ ಪೆಟ್ಟಾಗುತ್ತದೆ ಎಂದ ವೈದ್ಯ. ಯಾರಿಗೂ ಒಂದು ಸಾಲು ಹೆಚ್ಚು ಬೀಳದಂತೆ ತೂಗಿದ್ದ. ನಿಷೇಧದ ಮಸೂದೆ ಶಾಸನಸಭೆಗೆ ಬಂದಾಗ ಒಂದು ಪಕ್ಷದವರು ವರದಿಯ ಅರ್ಧವನ್ನು ಓದಿದರು, ಇನ್ನೊಂದು ಪಕ್ಷದವರು ಉಳಿದರ್ಧವನ್ನು. ಆಮೇಲೆ ಇಬ್ಬರೂ ಪತ್ರಿಕೆಯನ್ನು ಸುಳ್ಳಿನ ಕಂತೆ ಎಂದರು. ಎರಡೂ ಕಡೆಯವರು ಉಗಿದರೆ ನಾವು ಸರಿಯಾಗಿದ್ದೇವೆಂದೇ ಅರ್ಥ ಎಂದು ಸಂಪಾದಕಿ ಅವನ ಬೆನ್ನು ತಟ್ಟಿದಳು.

ಅವನಿಗೇ ಇಂಥದೊಂದು ಮಗುವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

‘ನಿನ್ನ ವರದಿ ಓದ್ದೆ,’ ಎಂದಿತು ಮಗು, ಕಿಟಕಿಯಾಚೆ ನೋಡುತ್ತ.

‘ಹೌದಾ. ಹೇಗಿತ್ತು?’

‘ಚೆನ್ನಾಗಿತ್ತು. ಆ ಹುಡುಗನ ಹತ್ರ ಎಷ್ಟು ಹೊತ್ತು ಮಾತಾಡ್ದೆ?’

‘ಒಂದು ಮಧ್ಯಾಹ್ನ ಪೂರ್ತಿ.’

‘ರಾತ್ರಿ ನಿದ್ದೆ ಬರುತ್ತಾ ಅಂತ ಕೇಳಿದ್ದೀಯ. ಕನ್ನಡಿ ಮುಂದೆ ನಿಂತ್ರೆ ಏನಾಗುತ್ತೆ ಅಂತ ಕೇಳಿದ್ದೀಯ.’

‘ಅದು ಕೆಲಸ.’

‘ಒಳ್ಳೆ ಪ್ರಶ್ನೆಗಳು,’ ಎಂದಿತು ಮಗು.

ಉತ್ತಿಟ್ಟ ಜೋಳದ ಹೊಲಗಳು ಹಿಂದಕ್ಕೆ ಸರಿದವು. ರಸೆಲ್ ರೇಡಿಯೊ ಹಾಕಿದ. ವಾರ್ತೆ ಬಂತು. ಆರಿಸಿದ.

ಡೊರೀನ್ ಬಾಗಿಲಲ್ಲೇ ಮಗುವನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ‘ಎಷ್ಟು ಸೊರಗಿದ್ದೀಯ ಪುಟ್ಟ.’ ಮೇಜಿನ ಮೇಲೆ ಪ್ರತಿ ತಟ್ಟೆಯ ಮುಂದೂ ಹೆಸರು ಬರೆದ ಚೀಟಿ ಇಟ್ಟಿದ್ದಳು. ಮಗುವಿನ ತಟ್ಟೆಯ ಮುಂದೆ ‘ಸಿ’ ಎಂಬ ಒಂದೇ ಅಕ್ಷರ, ಸುತ್ತ ಹೂಬಳ್ಳಿ. ಎರಡು ಹೆಸರಿಗೂ ಇಂಗ್ಲಿಷಿನ ಮೊದಲಕ್ಷರ ಒಂದೇ ಆದದ್ದು ಅವಳ ಪುಣ್ಯ. ರಸೆಲ್‌ಗೆ ಅಕ್ಕನ ಜಾಣತನ ಕಂಡು ನಾಚಿಕೆಯಾಯಿತು. ಅವನೂ ಇದನ್ನೇ ಮಾಡುತ್ತಿದ್ದ, ಹೂಬಳ್ಳಿಯಿಲ್ಲದೆ.

ಡೊರೀನಳ ಗಂಡ ವೇಡ್ ಪ್ರಾರ್ಥನೆ ಹೇಳಿ, ಜೇನು ಸವರಿ ಬೇಯಿಸಿದ ಹಂದಿತೊಡೆಯನ್ನು ಕೊಯ್ಯುತ್ತ, ‘ನಿನ್ನ ಪೇಪರ್ ತರಿಸೋದು ನಿಲ್ಲಿಸ್ಬಿಟ್ಟೆ, ರಸೆಲ್. ಬೇಜಾರಿಲ್ಲ ತಾನೆ?’ ಎಂದ.

‘ಇಲ್ಲ.’

‘ಆ ಮಕ್ಕಳ ವಿಷಯ ಬರೆದ್ಯಲ್ಲ, ಅದಾದ ಮೇಲೆ.’

‘ಓದಿದ್ಯಾ?’

‘ಓದೋದೇನು ಬಂತು. ಫೋನಲ್ಲಿ ಬಂದಿತ್ತು. ನೀನು ಏನೇನು ಮುಚ್ಚಿಟ್ಟಿದ್ದೀಯ ಅಂತ ಒಬ್ಬ ಬಿಡಿಸಿ ಬಿಡಿಸಿ ಹೇಳ್ದ.’

‘ಮುಚ್ಚಿಟ್ಟಿದ್ದು ಹೌದಪ್ಪ, ಆದ್ರೆ ನೀನಂದ್ಕೊಂಡಿದ್ದನ್ನಲ್ಲ,’ ಎಂದಳು ಕಾಲೇಜಿನಿಂದ ರಜೆಗೆ ಬಂದಿದ್ದ ಅವರ ಮಗಳು ಮಾರ್ಲಾ. ‘ಆ ಪಶ್ಚಾತ್ತಾಪದ ಹುಡುಗೀನ ಯಾಕೆ ಹಾಕ್ಬೇಕಿತ್ತು ಮಾವ? ಈಗ ಎಲ್ಲಾ ಕಡೆ ಓಡಾಡ್ತಿರೋದು ಅವಳ ಮಾತೊಂದೇ.’

‘ಅವಳೂ ಇದ್ದಾಳಲ್ಲ,’ ಎಂದ ರಸೆಲ್.

‘ಅದನ್ನೇ ನಾನು ಹೇಳೋದು,’ ಎಂದ ವೇಡ್.

‘ನೀನು ಹೇಳೋದು ಅದಲ್ಲಪ್ಪ. ಅಂಥ ಮಕ್ಕಳು ಸತ್ತರೂ ಪರವಾಗಿಲ್ಲ ಅಂತ ನೀನು ಹೇಳೋದು.’

‘ಅಂಥ ಮಕ್ಕಳನ್ನ ಕೊಯ್ಯಬೇಡಿ ಅಂತ ಹೇಳೋದು.’

ಅಂಥ ಮಕ್ಕಳಿಗೆ, ಅಂಥ ಮಕ್ಕಳನ್ನು, ಅಂಥ ಮಕ್ಕಳ ಹೆತ್ತವರು. ಮಾತು ಆಲೂಗಡ್ಡೆಯ ಪಾತ್ರೆಯ ಜೊತೆಗೆ ಮೇಜಿನ ಆ ತುದಿಯಿಂದ ಈ ತುದಿಗೆ ಹೋಗಿಬರುತ್ತಿತ್ತು. ಮಗುವಿನ ಕಡೆ ಯಾರೂ ನೋಡಲಿಲ್ಲ. ಮಗು ತಟ್ಟೆಯ ಮಾಂಸವನ್ನು ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ ಕೊಯ್ಯುತ್ತಿತ್ತು.

‘ಇನ್ನೊಂದು ಚೂರು ಹಾಕ್ಲಾ ಪುಟ್ಟ?’

‘ಸಾಕು ಅತ್ತೆ.’

ತಟ್ಟೆಗಳನ್ನು ಒಳಗೊಯ್ದ ರಸೆಲ್‌ನನ್ನು ಡೊರೀನ್ ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದಳು. ನಲ್ಲಿ ಬಿಟ್ಟೇ ಇತ್ತು.

‘ಲಿನೆಟ್‌ಗೆ ಬಾಣಂತಿ ಜ್ವರ ಬಂದಾಗ ಮಗೂಗೆ ಸ್ನಾನ ಮಾಡಿಸಿದ್ದು ನಾನು, ರಸ್. ಆ ಮೈ ನಂಗೆ ಗೊತ್ತು. ಏನು ತಪ್ಪಾಗಿತ್ತು ಅದಕ್ಕೆ?’

‘ಗೊತ್ತಿಲ್ಲ.’

‘ನಿಂಗೆ ಗೊತ್ತಿರ್ಬೇಕಲ್ಲ. ಅಷ್ಟುದ್ದ ಬರೆದ್ಯಲ್ಲ.’ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡಳು. ‘ನಾನೇನು ವೇಡ್ ಥರ ಅಲ್ಲ. ಯಾರಾದ್ರೂ ನಿಜ ಹೇಳಿದ್ರೆ ಕೇಳ್ತೀನಿ. ಯಾರ ಮಾತು ನಂಬ್ಲಿ?’

ಅವನು ನಲ್ಲಿ ನಿಲ್ಲಿಸಿದ.

ಹೊರಗೆ ಬಂದಾಗ ಕಾರಿನ ಮುಂಗಾಜಿನಿಂದ ಹಳದಿ ಲೋಳೆ ಇಳಿಯುತ್ತಿತ್ತು. ಬಾನೆಟ್ಟಿನ ಮೇಲೆಲ್ಲ ಮೊಟ್ಟೆಯ ಸಿಪ್ಪೆ. ಬಡಾವಣೆಯ ಹುಲ್ಲುಹಾಸುಗಳ ಮೇಲೆ ಯಾರೂ ಇರಲಿಲ್ಲ.

‘ಈ ವರ್ಷ ಈಸ್ಟರ್‌ಗೆ ಬಚ್ಚಿಟ್ಟ ಮೊಟ್ಟೆ ಹುಡುಕೋ ಕೆಲಸ ತಪ್ತು,’ ಎಂದಿತು ಮಗು.

ರಸೆಲ್‌ಗೆ ನಗು ಬಂತು.

‘ಯಾವ ಕಡೆಯವರು ಅಪ್ಪ?’

‘ಮೊಟ್ಟೆ ನೋಡಿದ್ರೆ ಗೊತ್ತಾಗಲ್ಲ.’

ಇಬ್ಬರೂ ನಕ್ಕರು. ಮಗು ಹಿಂದಕ್ಕೆ ತಲೆ ಎತ್ತಿ ನಕ್ಕಿತು. ತುಂಬ ಹಿಂದೆ ಕೆರೆಯ ನೀರಿಗೆ ಮೊದಲ ಸಲ ಕಾಲಿಟ್ಟಾಗ ನಕ್ಕಂತೆಯೇ. ಹೆಸರು ಯಾವುದಾದರೂ ಈ ನಗು ನನ್ನದು ಎಂದು ಹೇಳಬೇಕೆನಿಸಿತು ಅವನಿಗೆ. ಅದರ ಬದಲು, ಮೊಟ್ಟೆ ಒಣಗಿದರೆ ಬಣ್ಣ ಏಳುತ್ತದೆ, ಕೂಡಲೇ ತೊಳೆಸಬೇಕು ಎಂದ.

ಹೆದ್ದಾರಿಯ ಪೆಟ್ರೋಲ್ ಬಂಕಿನ ಹಿಂದೆ, ಕಾರನ್ನು ಸುರಂಗದಂಥ ಶೆಡ್ಡಿನೊಳಗೆ ತಾನೇ ಎಳೆದುಕೊಂಡು ತೊಳೆಯುವ ಯಂತ್ರವಿತ್ತು. ಹಬ್ಬದ ದಿನ ಕೆಲಸದವರಿರಲಿಲ್ಲ. ಅದರ ಮುಂದೆ ಕಾರು ನಿಲ್ಲಿಸಿದಾಗ ಮಗು ಸೀಟುಬೆಲ್ಟು ಬಿಚ್ಚಿತು.

‘ಮಸೂದೆ ಮುಂದಿನ ವಾರ ಪಾಸಾಗುತ್ತಂತೆ. ಅದಕ್ಕೆ ಮುಂಚೆ ಹಾರ್ಮೋನು ಶುರು ಮಾಡೋಕೆ ಕ್ಲಿನಿಕ್‌ನವರಿಗೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೇನೂ ಬೇಕು. ಅಮ್ಮ ಕೊಟ್ಟಾಯ್ತು.’

‘ಗೊತ್ತು. ಓದ್ತಾ ಇದ್ದೀನಿ.’

‘ಎರಡು ವರ್ಷದಿಂದ ಓದ್ತಾ ಇದ್ದೀಯ.’

‘ನೋಡು, ಕೆಲವು ಡಾಕ್ಟರು ಹೇಳೋ ಪ್ರಕಾರ—’

‘ಅಪ್ಪ.’

‘ಇನ್ನು ಕೆಲವರು—’

‘ಅಪ್ಪ, ನಾನು ಪೇಪರನ್ನ ಕೇಳ್ತಿಲ್ಲ. ನಿನ್ನ ಕೇಳ್ತಿದ್ದೀನಿ.’ ದನಿ ಏರಿರಲಿಲ್ಲ. ‘ಬೇಡ ಅಂತಾದ್ರೂ ಹೇಳು. ಬೇಡ ಅಂದ್ರೆ ಜಗಳ ಆಡ್ತೀನಿ. ಆಡಿ, ಅತ್ತು, ಆಮೇಲೆ ನಿನ್ನ ಜೊತೇಲೇ ಕೂತು ಊಟ ಮಾಡ್ತೀನಿ. ನೀನು ಏನೂ ಹೇಳದೇ ಇದ್ರೆ ನಾನು ಯಾರ ಜೊತೆ ಇರ್ಲಿ?’

ರಸೆಲ್ ಬಾಯಿ ತೆರೆದ. ಒಳಗೆ ಹುಡುಕಿದ. ಅಲ್ಲಿದ್ದ ಪ್ರತಿ ಮಾತಿನ ಕೊನೆಗೂ ಯಾರೋ ಒಬ್ಬರ ಹೆಸರಿತ್ತು: ಎಂದರು, ಎನ್ನುತ್ತಾರೆ, ಎಂಬ ವಾದವೂ ಇದೆ. ತನ್ನದು ಎಂಬ ಒಂದು ವಾಕ್ಯ ಸಿಕ್ಕಲಿಲ್ಲ. ಹೆದರಿಕೆಯೊಂದು ಮಾತ್ರ ಇತ್ತು. ಅದಕ್ಕೆ ಮಾತಿರಲಿಲ್ಲ.

‘ಯೋಚನೆ ಮಾಡ್ತೀನಿ,’ ಎಂದ.

ಮಗು ತಲೆಯಾಡಿಸಿತು. ಅಪರಿಚಿತ ವರದಿಗಾರನೊಬ್ಬನಿಗೆ ಸಮಯ ಕೊಟ್ಟು ಮುಗಿಸಿದವರ ಹಾಗೆ, ಮರ್ಯಾದೆಯಿಂದ.

‘ನಾನು ಇಳಿದಿರ್ತೀನಿ. ನೀನು ತೊಳೆಸ್ಕೊಂಡು ಬಾ.’

‘ಆ ತುದೀಲಿ ಇರ್ತೀಯ ತಾನೆ?’

ಬಾಗಿಲು ಮುಚ್ಚಿಕೊಂಡಿತು. ಉತ್ತರ ಬಂದಿತ್ತೋ ಇಲ್ಲವೋ.

ಗೋಡೆಯ ಮೇಲೆ ಸೂಚನೆ: ಗೇರು ನ್ಯೂಟ್ರಲ್‌ಗೆ ಹಾಕಿ. ಬ್ರೇಕು ತುಳಿಯಬೇಡಿ. ಸ್ಟೀರಿಂಗ್ ಮುಟ್ಟಬೇಡಿ. ರಸೆಲ್ ಹೇಳಿದಂತೆಯೇ ಮಾಡಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಕೆಳಗೆಲ್ಲೋ ಸರಪಳಿ ಚಕ್ರವನ್ನು ಹಿಡಿಯಿತು. ಮುಂಗಾಜಿನ ಮೇಲೆ ನೊರೆ ಬಿತ್ತು, ಆಮೇಲೆ ಪಕ್ಕದ ಗಾಜುಗಳ ಮೇಲೆ. ಅಂಗೈಯಗಲದ ಒಂದು ಕಂಡಿಯಲ್ಲಿ ಮಗು ಕಂಡಿತು. ಕೈಗಳು ಜೇಬಿನಲ್ಲಿದ್ದವು, ಬೆನ್ನು ಇತ್ತ, ಮುಖ ಹೆದ್ದಾರಿಯ ಕಡೆ. ಹಿಂದಿನಿಂದ ನೋಡಿದರೆ ಯಾರೂ ಆಗಿರಬಹುದಾಗಿತ್ತು.

ಕಂಡಿಯೂ ಮುಚ್ಚಿತು.

ರಸೆಲ್ ಕೂಗಿದ. ಯಾವ ಹೆಸರನ್ನು ಕೂಗಿದನೆಂಬುದು ಬ್ರಶ್ಶುಗಳ ಸದ್ದಿನಲ್ಲಿ ಅವನಿಗೇ ಕೇಳಿಸಲಿಲ್ಲ. ನಾಲ್ಕೂ ಕಡೆ ಬಿಳಿ. ಕಾರು ತನ್ನಷ್ಟಕ್ಕೆ ಮುಂದೆ ಸಾಗುತ್ತಿತ್ತು.