ನಂಬರು 4107ರ ಜೋಡಿ

ನನ್ನ ಬೀರುವಿನಲ್ಲಿ ಹನ್ನೊಂದು ಹಳೆಯ ಜೋಡಿ ನಳಿಗೆ ಕೋವಿಗಳಿದ್ದವು. ಎಲ್ಲವೂ ನಮ್ಮ ಅಮೆರಿಕದಲ್ಲೇ, ನನ್ನಜ್ಜ ಹುಟ್ಟುವ ಮೊದಲು ತಯಾರಾದವು. ಎಣ್ಣೆ ಹಚ್ಚುತ್ತಿದ್ದೆ, ಒರೆಸುತ್ತಿದ್ದೆ, ಮುದ್ದು ಮಾಡುತ್ತಿದ್ದೆ. ಹಾರಿಸಲು ಮಾತ್ರ ಬೇರೆಯೇ ಒಂದು ಹೊಸ ಮಾದರಿಯ ಕೋವಿ ಇತ್ತು. ನನ್ನ ಜೀವವೆಲ್ಲ ಇದ್ದದ್ದು 4107ನೇ ನಂಬರಿನದರ ಮೇಲೆ. ಅದರ ಬೆನ್ನಿಗೇ ಕಾರ್ಖಾನೆಯಿಂದ ಹೊರಬಿದ್ದ 4108, ಮೂರು ಮೈಲಿ ಆಚೆ, ಅಲ್ವೀನಾ ಸ್ಟೌಫರ್ ಮನೆಯ ಅಡುಗೆಕೋಣೆ ಬಾಗಿಲ ಹಿಂದೆ ಪೊರಕೆಯ ಪಕ್ಕ ಒರಗಿಕೊಂಡಿತ್ತು. ಹೊಟ್ಟೆ ಉರಿಯದೆ ಇರುತ್ತದೆಯೇ?

ಒಂಬತ್ತು ವರ್ಷ ಕೇಳಿದೆ. ಎಪ್ಪತ್ನಾಲ್ಕರ ಆಕೆ ಪ್ರತಿ ಸಲವೂ ಸೇಬಿನ ಪೈ ತಿನ್ನಿಸಿ ಕಳಿಸುತ್ತಿದ್ದಳು, ಕೋವಿ ಮಾತ್ರ ಕೊಡಲಿಲ್ಲ. ಕಡೆಗೆ ಈ ಅಕ್ಟೋಬರಿನಲ್ಲಿ ತಾನೇ ಮಾತು ತೆಗೆದಳು.

"ನೋಡು ವೆಂಡೆಲ್, ಶನಿವಾರ ಶೂಟಿಂಗ್ ಕ್ಲಬ್ಬಿಗೆ ನಿನ್ನದನ್ನ ತಗೊಂಡು ಬಾ. ಐದು ಸಲ ಎರಡೆರಡು ಮಣ್ಣಿನ ಬಿಲ್ಲೆ ಗಾಳಿಗೆ ತೂರ್ತಾರೆ. ಯಾರು ಜಾಸ್ತಿ ಒಡೀತಾರೋ, ಎರಡೂ ಕೋವಿ ಅವರಿಗೆ."

"ಆಮೇಲೆ ಅಳಬಾರ್ದು ನೀವು," ಎಂದೆ.

"ಕರ್ಚೀಫ್ ನೀನು ತಂದಿರು."

ಹೊಸ ಕೋವಿ ಹಿಡಿದರೆ ಕ್ಲಬ್ಬಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಆ ಜಂಬ ನೆತ್ತಿಗೇರಿತ್ತು. ಹಳೆ ನಳಿಗೆ ತಾಳಿಕೊಳ್ಳುವಷ್ಟೇ ಹಗುರ ಮದ್ದಿನ ತೋಟಾಗಳನ್ನು ಎರಡು ದಿನ ಕೂತು ತುಂಬಿದೆ. ಬೀರುವಿನಲ್ಲಿ 4108ಕ್ಕೆ ಜಾಗವನ್ನೂ ಮಾಡಿಟ್ಟೆ.

ಶನಿವಾರ, ಕೊಯ್ಲಾದ ಮೆಕ್ಕೆಜೋಳದ ಹೊಲದ ಅಂಚಿನಲ್ಲಿ, ಅಲ್ವೀನಾ ಮೊದಲು ನಿಂತಳು. ಹತ್ತು ಮಣ್ಣಿನ ಬಿಲ್ಲೆಗಳಲ್ಲಿ ಏಳು ಪುಡಿ. ನನಗೆ ಎಂಟು ಸಾಕಿತ್ತು.

ನನ್ನ ಮೊದಲ ಬಿಲ್ಲೆ ಪುಡಿಯಾಯಿತು. ಎರಡನೆಯದಕ್ಕೆ ಗುರಿಯಿಟ್ಟು ಕೋವಿಯ ಕುದುರೆ ಎಳೆದೆ. ಸದ್ದೇ ಇಲ್ಲ. ಬಿಲ್ಲೆ ನಿಶ್ಚಿಂತೆಯಿಂದ ಹೋಗಿ ಹುಲ್ಲಿನಲ್ಲಿ ಕೂತಿತು. ಹಳೆ ಕೋವಿಗೆ ಕುದುರೆ ಎರಡು, ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ. ನನ್ನ ಹೊಸ ಕೋವಿಗೆ ಒಂದೇ, ಅದನ್ನೇ ಎರಡು ಸಲ ಎಳೆದರಾಯಿತು. ಇಪ್ಪತ್ತು ವರ್ಷ ಒಂದನ್ನೇ ಎಳೆದ ಬೆರಳು ಹಿಂದಕ್ಕೆ ಸರಿಯಲು ಒಪ್ಪಲಿಲ್ಲ. ಎರಡನೇ ಜೋಡಿ, ಮೂರನೇ ಜೋಡಿ, ಅದೇ ಹಣೆಬರಹ. ಆ ಹಿಂದಿನ ಕುದುರೆಗೆ ವಾರ ವಾರ ಎಣ್ಣೆ ಬಿಟ್ಟವನು ನಾನೇ! ನಾಲ್ಕನೆಯದಕ್ಕೆ ಹಠ ಹಿಡಿದು ಎರಡಕ್ಕೂ ಒಂದೊಂದು ಬೆರಳು ಕೊಟ್ಟೆ. ಎರಡೂ ನಳಿಗೆ ಒಟ್ಟಿಗೆ ಗುಡುಗಿ, ನಾನು ಹುಲ್ಲಿನ ಮೇಲೆ ಕುಕ್ಕರಿಸಿದೆ. ಕ್ಲಬ್ಬಿಗೆ ಕ್ಲಬ್ಬೇ ನಕ್ಕಿತು. ಐದನೆಯ ಜೋಡಿ ಬೇಡವೆಂದು ಕೈಯೆತ್ತಿದೆ.

4107ನ್ನು ಆಕೆಗೆ ಒಪ್ಪಿಸುವಾಗ ನಿಜಕ್ಕೂ ಕಣ್ಣು ತುಂಬಿತು. ಕರ್ಚೀಫ್ ತಂದಿರಲಿಲ್ಲ. ಅಲ್ವೀನಾ ತನ್ನ ಜೇಬಿನಿಂದ ತೆಗೆದುಕೊಟ್ಟಳು.

"ನೀನು ಗೆದ್ದಿದ್ರೆ ಎರಡೂ ಬೀರು ಸೇರ್ತಿದ್ವು ಕಣೋ. ಬರೋ ಶನಿವಾರ ಬಾ. ಇದನ್ನ ನೀನೇ ಹಾರಿಸು, ನನ್ನದನ್ನ ನಾನು ಹಾರಿಸ್ತೀನಿ. ಹಿಂದಿನ ಕುದುರೆ ಎಲ್ಲಿದೆ ಅಂತ ತೋರಿಸ್ತೀನಿ."

ಅಂದಿನಿಂದ ಒಂದು ಶನಿವಾರವನ್ನೂ ತಪ್ಪಿಸಿಲ್ಲ. ಮೊನ್ನೆ ಎಂಟು ಒಡೆದೆ. ನನ್ನಲ್ಲಿ ಉಳಿದ ಹತ್ತು ಹಳೆ ಕೋವಿಗಳಲ್ಲಿ ಬೀರುವಿನಲ್ಲಿರುವುದು ಈಗ ಒಂಬತ್ತೇ. ಹತ್ತನೆಯದು ನನ್ನ ಅಡುಗೆಕೋಣೆಯ ಬಾಗಿಲ ಹಿಂದೆ, ಪೊರಕೆಯ ಪಕ್ಕದಲ್ಲಿದೆ.