ಮೈಲಿಗೆಯಿಲ್ಲದ ಮನೆ

“ಎಷ್ಟು ದಿನದಿಂದ ರಕ್ತ ಹೋಗ್ತಾ ಇದೆ?” ಎಂದು ಹಾಸನದ ಡಾಕ್ಟರಮ್ಮ ಕೇಳಿದಾಗ ಗುರುಶಾಂತಮ್ಮ ತಡವರಿಸಿದಳು. ಪರದೆಯ ಹಿಂದೆ ಸೊಸೆ ತನುಜಾ ಸೀರೆ ಸರಿಮಾಡಿಕೊಳ್ಳುತ್ತಿದ್ದಳು.

“ನಮ್ಮನೇಲಿ ಅದನ್ನ ನೋಡಕಿಲ್ಲ ಕಣವ್ವ. ಲಿಂಗ ಕಟ್ಕಂಡೋರಿಗೆ ಮುಟ್ಟು, ಮೈಲಿಗೆ ಎಲ್ಲೈತೆ?”

ತನ್ನೂರು ಮಗ್ಗೆಯಲ್ಲಿ ಈ ಮಾತನ್ನು ಅವಳು ಹೆಮ್ಮೆಯಿಂದ ಆಡುತ್ತಿದ್ದಳು. ಪಕ್ಕದ ಮನೆಯ ಗಂಗಾಮಣಿ ತಿಂಗಳಿಗೊಮ್ಮೆ ಹೊರಜಗುಲಿಯಲ್ಲಿ ಕೂತರೆ, “ಏನಮ್ಮ, ದೇವರು ಆಚೆಗೆ ಹಾಕ್ಬುಟ್ನಾ?” ಎಂದು ಛೇಡಿಸುತ್ತಿದ್ದಳು. “ನಂಗೆ ಮೂರು ದಿನ ರಜಾನಾದ್ರೂ ಐತೆ ಕಣಕ್ಕ, ನಿನ್ನ ಸೊಸೆಗೆ ಅದೂ ಇಲ್ಲ” ಎಂದು ಗಂಗಾಮಣಿ ತಿರುಗಿಸಿ ಕೊಡುತ್ತಿದ್ದಳು. ಅವರಲ್ಲಿ ಹೆಂಗಸು ಹೆಚ್ಚು ದಿನ ಹೊರಗೆ ಕೂತರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಇಲ್ಲಿ ತನುಜಾ ದಿನವೂ ಮಿಂದು, ವಿಭೂತಿ ಧರಿಸಿ, ಅತ್ತೆಯ ಪಕ್ಕದಲ್ಲೇ ಪೂಜೆಗೆ ಕೂರುತ್ತಿದ್ದಳು.

“ಒಂದ್ಮಾತು ಹೇಳ್ಬಾರ್ದಾಗಿತ್ತೇನೇ?” ಎಂದಳು ಗುರುಶಾಂತಮ್ಮ, ಪರದೆಯತ್ತ ತಿರುಗಿ.

“ಹೇಳಿದ್ದೆ ಅತ್ತೆ. ‘ಅದೆಲ್ಲ ನಮ್ಮಲ್ಲಿ ಮಾತಾಡೋ ವಿಷ್ಯ ಅಲ್ಲ, ಹೋಗಿ ಹೂ ಕುಯ್ಕಂಡು ಬಾ’ ಅಂದ್ರಿ.” ದನಿಯಲ್ಲಿ ದೂರಿರಲಿಲ್ಲ.

“ಹೋದ ವರ್ಷ ಆಲೂರಲ್ಲಿ ಗರ್ಭಕೋಶದ ಬಾಯಿ ಪರೀಕ್ಷೆಗೆ ಕ್ಯಾಂಪ್ ಹಾಕಿದ್ವಲ್ಲ?” ಎಂದರು ಡಾಕ್ಟರಮ್ಮ.

ಹಾಕಿದ್ದರು. ನರ್ಸ್ ಮನೆ ಬಾಗಿಲಿಗೇ ಬಂದು ಕರೆದಿದ್ದಳು. “ಒಬ್ಬನೇ ಗಂಡನ್ನ ಕಂಡೋಳಿಗೆ ಅದ್ಯಾಕೆ?” ಎಂದು ಗುರುಶಾಂತಮ್ಮನೇ ಅವಳನ್ನು ಸಾಗಹಾಕಿದ್ದಳು.

“ಇನ್ನೂ ಚಿಕ್ಕೋಳು ಕಣವ್ವ. ಮೂವತ್ತೂ ತುಂಬಿಲ್ಲ.”

“ಮದುವೆ ಎಷ್ಟಕ್ಕೆ?”

“ಹದಿನಾರಕ್ಕೆ. ಮೂರು ಹೆತ್ತವಳೆ.”

ಡಾಕ್ಟರಮ್ಮ ರಿಪೋರ್ಟುಗಳನ್ನು ಮಡಚಿ ಕನ್ನಡಕ ತೆಗೆದಿಟ್ಟರು. “ಕ್ಯಾನ್ಸರ್. ಹರಡಿಬಿಟ್ಟಿದೆ, ಆಪರೇಷನ್ ಆಗಲ್ಲ. ಬೆಂಗಳೂರಿಗೆ ಕರ್ಕೊಂಡು ಹೋಗಿ ರೇಡಿಯೇಷನ್, ಅದೇ ಕರೆಂಟ್ ಅಂತಾರಲ್ಲ, ಅದು ಕೊಡಿಸಿ.”

“ಉಳೀತಾಳಾ?”

“ಆ ಕ್ಯಾಂಪಿಗೆ ಬಂದಿದ್ರೆ ಉಳೀತಾಳೆ ಅಂತಿದ್ದೆ.”

ಗುರುಶಾಂತಮ್ಮನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು.

ಊರಿಗೆ ವಾಪಸ್ ಹೊರಟ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ತನುಜಾ ಕೂರದೆ ಕಂಬಿ ಹಿಡಿದು ನಿಂತಳು.

“ಕೂತ್ಕಳ್ಳೇ.”

“ಬ್ಯಾಡ ಅತ್ತೆ. ಸೀಟಿಗೆ ಕರೆ ಅಂಟ್ತದೆ.”

ಗುರುಶಾಂತಮ್ಮ ತಾನು ಹೊದ್ದಿದ್ದ ಬಿಳಿ ಶಾಲನ್ನು ತೆಗೆದಳು. ಮಠದಲ್ಲಿ ಸ್ವಾಮಿಗಳು ಹೊದಿಸಿದ್ದು. ಅದನ್ನೇ ಸೀಟಿಗೆ ಹಾಸಿ, “ಆಗ್ಲಿ ಬುಡು, ಕೂರು” ಎಂದಳು. ತನುಜಾ ಶಾಲನ್ನು ಒಮ್ಮೆ ನೋಡಿ, ಕೂರದೆ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು.

“ಏನ್ರಮ್ಮ, ಸೀಟು ಯಾರ್ಗೆ ಹಿಡ್ದಿದ್ದೀರಿ?” ಎಂದ ಕಂಡಕ್ಟರ್.

ಗುರುಶಾಂತಮ್ಮನೂ ತನ್ನ ಸೀಟಿನಿಂದ ಎದ್ದು ಸೊಸೆಯ ಪಕ್ಕ ಕಂಬಿ ಹಿಡಿದಳು. ಆಲೂರು ದಾಟಿದ ಮೇಲೆ ತಿರುವುಗಳು ಹೆಚ್ಚಿದವು. ಒಂದೊಂದು ತಿರುವಿಗೂ ಶಾಲು ಖಾಲಿ ಸೀಟಿನಿಂದ ಚೂರುಚೂರೇ ಕೆಳಕ್ಕೆ ಜಾರುತ್ತಿತ್ತು.